ತರಗೆಲೆಯಡಿಯ ಜೇಡಕ್ಕೊಂದು ಹೆಸರು: ಹೊಸ ಪ್ರಭೇದವನ್ನು ವಿವರಿಸುವ ಬಗೆ, ಹಂತ ಹಂತವಾಗಿ

ಮಂಗಳೂರು ಎಷ್ಟೇ ಬೆಳೆದರೂ ನಾಗಬನಗಳು ಉಳಿದಿವೆ, ಪಿಲಿಕುಳದಲ್ಲಿ ಮರಗಳ ನೆರಳಿದೆ, ಹಳೆಯ ಮನೆಗಳ ಹಿತ್ತಿಲಲ್ಲಿ ಗುಡಿಸದ ತರಗೆಲೆ ಇದೆ. ಆ ಎಲೆಗಳಡಿ ಎರಡು ಮೂರು ಮಿಲಿಮೀಟರಿನ ಜೇಡಗಳು ಬದುಕುತ್ತವೆ. ಅವುಗಳಲ್ಲಿ ಇನ್ನೂ ಹೆಸರು ಪಡೆಯದವೂ ಇರಬಹುದು. ಆದರೆ ಜೇಡ ಕೈಗೆ ಸಿಕ್ಕಿದ ಮಾತ್ರಕ್ಕೆ ಅದು ಹೊಸ ಪ್ರಭೇದ ಆಗುವುದಿಲ್ಲ. ಈಗಾಗಲೇ ಹೆಸರಿರುವ ಯಾವ ಜೇಡವೂ ಇದಲ್ಲವೆಂದು ಪುರಾವೆ ಸಮೇತ ತೋರಿಸಿದಾಗಲೇ ಅದು ಹೊಸದು. ಈ ಕೆಲಸ ಕಲಿಯಲು ಬಯಸುವವರಿಗೆ ದಾರಿ ಇಲ್ಲಿದೆ.

1. ಮೊದಲು ಅನುಮತಿ

ಕಾಯ್ದಿಟ್ಟ ಅರಣ್ಯದಲ್ಲಿ ಜೀವಿ ಸಂಗ್ರಹಿಸಲು ಅರಣ್ಯ ಇಲಾಖೆಯ ಲಿಖಿತ ಒಪ್ಪಿಗೆ ಬೇಕು. ನಾಗಬನವಾದರೆ ಅದನ್ನು ನೋಡಿಕೊಳ್ಳುವ ಕುಟುಂಬದ ಹಿರಿಯರನ್ನು ಕೇಳಿ. ಅವರು ಬೇಡವೆಂದರೆ ಬಿಟ್ಟುಬಿಡಿ. ಆರಂಭಕ್ಕೆ ನಿಮ್ಮದೇ ಹಿತ್ತಿಲು ಅಥವಾ ಅಡಿಕೆ ತೋಟ ಸಾಕು. ಪ್ರಾಣಿಶಾಸ್ತ್ರ ವಿಭಾಗವಿರುವ ಕಾಲೇಜಿನ ಅಧ್ಯಾಪಕರೊಬ್ಬರನ್ನು ಈಗಲೇ ಜೊತೆ ಮಾಡಿಕೊಳ್ಳಿ. ಮುಂದೆ ಸೂಕ್ಷ್ಮದರ್ಶಕ, ಆಲ್ಕೋಹಾಲ್, ಮಾರ್ಗದರ್ಶನ ಮೂರೂ ಬೇಕಾಗುತ್ತವೆ.

2. ಜರಡಿ ಹಿಡಿಯಿರಿ

ಬೇಕಾದವು: ದೊಡ್ಡ ಕಣ್ಣಿನ ಜರಡಿ, ಬಿಳಿ ಬಟ್ಟೆ, ಮೆತ್ತನೆಯ ಬಣ್ಣದ ಕುಂಚ, ಮುಚ್ಚಳವಿರುವ ಪುಟ್ಟ ಕುಪ್ಪಿಗಳು. ಒಂದೆರಡು ಹಿಡಿ ತರಗೆಲೆಯನ್ನು ಬಟ್ಟೆಯ ಮೇಲೆ ಜರಡಿಯಾಡಿಸಿ, ಅಲುಗದೆ ಕಾಯಿರಿ. ಗಾಬರಿಯಿಂದ ಮುದುಡಿದ ಜೇಡಗಳು ಸ್ವಲ್ಪ ಹೊತ್ತಿಗೆ ನಡೆಯತೊಡಗುತ್ತವೆ. ಜಡಿಮಳೆಯಲ್ಲಿ ಎಲೆ ತೊಯ್ದು ಜರಡಿಗೆ ಅಂಟಿಕೊಳ್ಳುತ್ತದೆ, ಮಳೆ ಬಿಡುವು ಕೊಟ್ಟಾಗ ಹೊರಡಿ. ಕೆಲಸ ಮುಗಿದ ಮೇಲೆ ಎಲೆಗಳನ್ನು ಇದ್ದಲ್ಲಿಗೇ ಹರಡಿ.

3. ಚಿತ್ರ ತೆಗೆದು ಸಂರಕ್ಷಿಸಿ

ಆಲ್ಕೋಹಾಲಿನಲ್ಲಿ ಬಣ್ಣ ಮಾಸುತ್ತದೆ. ಆದ್ದರಿಂದ ಜೀವಂತವಿರುವಾಗಲೇ ಮೇಲಿನಿಂದ, ಎದುರಿನಿಂದ, ಪಕ್ಕದಿಂದ ಛಾಯಾಚಿತ್ರ ತೆಗೆಯಿರಿ. ದೇಹರಚನೆಯ ಅಧ್ಯಯನಕ್ಕೆ ಶೇ. 70ರ ಎಥನಾಲ್, ಡಿಎನ್‌ಎಗೆ ಶೇ. 95ಕ್ಕಿಂತ ಹೆಚ್ಚಿನದು. ಅಗತ್ಯವಿರುವಷ್ಟೇ ಜೇಡಗಳನ್ನು ತನ್ನಿ, ಉಳಿದವನ್ನು ಅಲ್ಲೇ ಬಿಡಿ.

4. ಚೀಟಿ ಬರೆಯಿರಿ

ಊರು, ಜಿಪಿಎಸ್ ಅಂಕಿ, ಎತ್ತರ, ದಿನಾಂಕ, ಆವಾಸ, ಸಂಗ್ರಹಿಸಿದವರ ಹೆಸರು ಇವಿಷ್ಟನ್ನೂ ಪೆನ್ಸಿಲಿನಲ್ಲಿ ಬರೆದು ಕುಪ್ಪಿಯ ಒಳಗೇ ಹಾಕಿ. ಬಾಲ್‌ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತದೆ. ಎಲ್ಲಿ ಸಿಕ್ಕಿತೆಂದು ಗೊತ್ತಿಲ್ಲದ ಜೇಡದಿಂದ ವಿಜ್ಞಾನಕ್ಕೆ ಹೆಚ್ಚೇನೂ ಸಿಗದು.

5. ಬಲಿತಿದೆಯೇ ನೋಡಿ

ಜೇಡಗಳ ಗುರುತು ಮುಖ್ಯವಾಗಿ ಜನನಾಂಗಗಳಲ್ಲಿರುತ್ತದೆ. ಬಲಿತ ಗಂಡಿನ ಬಾಯಿಯ ಪಕ್ಕದ ಪಾಲ್ಪ್‌ಗಳ ತುದಿಯಲ್ಲಿ, ವೀರ್ಯ ವರ್ಗಾಯಿಸುವ ಜಟಿಲ ರಚನೆ ಇರುತ್ತದೆ. ಬಲಿಯದ ಗಂಡಿನಲ್ಲಿ ಅದು ಬರೀ ಉಬ್ಬು. ಹೆಚ್ಚಿನ ಜೇಡಗಳಲ್ಲಿ ಬಲಿತ ಹೆಣ್ಣಿನ ಹೊಟ್ಟೆಯ ಕೆಳಭಾಗದಲ್ಲಿ ಎಪಿಜೈನ್ ಎಂಬ ಗಟ್ಟಿ ಫಲಕವಿರುತ್ತದೆ. ಅದನ್ನು ಬಿಡಿಸಿ ಲವಂಗದ ಎಣ್ಣೆಯಲ್ಲಿಟ್ಟರೆ ಪಾರದರ್ಶಕವಾಗಿ ಒಳನಾಳಗಳು ಕಾಣುತ್ತವೆ. ಮರಿಯೊಂದನ್ನೇ ನಂಬಿ ಹೊಸ ಪ್ರಭೇದ ಎನ್ನಬೇಡಿ. ಗಂಡು, ಹೆಣ್ಣು ಎರಡೂ ಸಿಗುವವರೆಗೆ ಬೇರೆ ಬೇರೆ ಋತುಗಳಲ್ಲಿ ಹುಡುಕಿ.

6. ಹೋಲಿಸಿ, ಮತ್ತೆ ಹೋಲಿಸಿ

ನಿಜವಾದ ಶ್ರಮ ಇಲ್ಲಿದೆ. ಕಣ್ಣುಗಳ ಜೋಡಣೆ, ಕಾಲಿನ ಉಗುರು, ನೂಲುವ ಅಂಗಗಳನ್ನು ನೋಡಿ ಮೊದಲು ಕುಟುಂಬ, ಆಮೇಲೆ ಕುಲ ಗುರುತಿಸಿ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ನಿಸರ್ಗ ಇತಿಹಾಸ ಸಂಗ್ರಹಾಲಯ ನಡೆಸುವ 'ವರ್ಲ್ಡ್ ಸ್ಪೈಡರ್ ಕ್ಯಾಟಲಾಗ್'ನಲ್ಲಿ ಜಗತ್ತಿನ ಜೇಡಗಳ ಪಟ್ಟಿಯಿದೆ; 2022ರಲ್ಲಿ ಅದು 50,000 ಪ್ರಭೇದಗಳನ್ನು ದಾಟಿತು. ನೋಂದಾಯಿಸಿಕೊಂಡರೆ ಮೂಲ ಲೇಖನಗಳೂ ಸಿಗುತ್ತವೆ. ನಿಮ್ಮ ಜೇಡದ ಕುಲಕ್ಕೆ ಸೇರಿದ ಭಾರತ ಹಾಗೂ ಶ್ರೀಲಂಕಾದ ಪ್ರಭೇದಗಳ ಚಿತ್ರಗಳನ್ನು ಒಂದೊಂದಾಗಿ ಪಕ್ಕದಲ್ಲಿಟ್ಟು ನೋಡಿ.

ಹೋಲಿಕೆಯ ಫಲ ಎಂಥದೆನ್ನುವುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ. 2024ರಲ್ಲಿ ಸಂಶೋಧಕರಾದ ಕಿರಣ್ ಮರಾಠೆ, ವೇನ್ ಮ್ಯಾಡಿಸನ್, ಕೃಷ್ಣಮೇಘ ಕುಂಟೆ 'ಝೂಕೀಸ್' ಪತ್ರಿಕೆಯಲ್ಲಿ ಜಿಗಿಯುವ ಜೇಡಗಳ 'ತೆಂಕಣ' ಎಂಬ ಹೊಸ ಕುಲವನ್ನು ವಿವರಿಸಿದರು. ಇವು ಒಣ ಪ್ರದೇಶದ ನೆಲದಲ್ಲಿ ಓಡಾಡುವ ಜೇಡಗಳು. ಡಿಎನ್‌ಎ ಮತ್ತು ದೇಹರಚನೆ ಎರಡನ್ನೂ ಪರಿಶೀಲಿಸಿದ್ದರಿಂದ, ಮೊದಲೇ ಹೆಸರು ಪಡೆದಿದ್ದ ಎರಡು ಪ್ರಭೇದಗಳು ಈ ಕುಲಕ್ಕೆ ಬಂದವು. ಕರ್ನಾಟಕದಲ್ಲಿ ಸಿಕ್ಕ ಮೂರನೆಯದು ಹೊಸ ಪ್ರಭೇದ, 'ತೆಂಕಣ ಜಯಮಂಗಲಿ'.

7. ಅಳೆಯಿರಿ, ಬಿಡಿಸಿ, ವಿವರಿಸಿ

ದೇಹದ ಉದ್ದ, ಶಿರೋವಕ್ಷದ ಉದ್ದಗಲ, ಕಣ್ಣುಗಳ ವ್ಯಾಸ, ಪ್ರತಿ ಕಾಲಿನ ಗಂಟುಗಂಟಿನ ಅಳತೆಯನ್ನು ಮಿಲಿಮೀಟರಿನಲ್ಲಿ ಬರೆಯಿರಿ. ಎಡ ಪಾಲ್ಪ್‌ನ ಚಿತ್ರವನ್ನು ಕೆಳಗಿನಿಂದ ಹಾಗೂ ಹೊರಬದಿಯಿಂದ ಬಿಡಿಸುವುದು ರೂಢಿ. 'ವಿಭೇದಕ ಲಕ್ಷಣ' ಭಾಗವನ್ನು ಅತ್ಯಂತ ಎಚ್ಚರದಿಂದ ಬರೆಯಿರಿ. ಹತ್ತಿರದ ಸಂಬಂಧಿಗಿಂತ ಇದು ಯಾವುದರಲ್ಲಿ ಬೇರೆ ಎಂಬುದು ಅಲ್ಲಿ ಎರಡು ಮೂರು ವಾಕ್ಯದಲ್ಲಿ ಸ್ಪಷ್ಟವಾಗಬೇಕು.

8. ಮಾದರಿಯನ್ನು ಒಪ್ಪಿಸಿ

ಹೆಸರಿಗೆ ಆಧಾರವಾದ ಒಂದೇ ಒಂದು ಜೇಡ 'ಹೋಲೋಟೈಪ್' ಆಗುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಹೊಸ ಪ್ರಭೇದದ ಮಾದರಿಯನ್ನು ಸರ್ಕಾರ ಗುರುತಿಸಿದ ಭಂಡಾರಕ್ಕೆ ಒಪ್ಪಿಸಬೇಕು. ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾ ಸಂಸ್ಥೆ ಅಂಥದೊಂದು. ಜೇಡವನ್ನು ಮನೆಯ ಕಪಾಟಿನಲ್ಲಿಟ್ಟುಕೊಳ್ಳಬೇಡಿ. ನಾಳೆ ಇನ್ನೊಬ್ಬರು ನಿಮ್ಮ ಮಾತನ್ನು ಪರೀಕ್ಷಿಸಲು ಅದು ಸಿಗಬೇಕು.

9. ಹೆಸರಿಟ್ಟು ಪ್ರಕಟಿಸಿ

ಊರು, ನದಿ, ರೂಪ ಅಥವಾ ಗೌರವಿಸಬೇಕಾದ ವ್ಯಕ್ತಿಯ ಹೆಸರಿಡಬಹುದು. ತನ್ನದೇ ಹೆಸರಿಟ್ಟುಕೊಳ್ಳುವ ಪದ್ಧತಿಯಿಲ್ಲ. ಪ್ರಾಣಿ ನಾಮಕರಣದ ಅಂತಾರಾಷ್ಟ್ರೀಯ ನಿಯಮಾವಳಿ ಪಾಲಿಸಿ, ತಜ್ಞರು ಪರಿಶೀಲಿಸುವ ಪತ್ರಿಕೆಗೆ ಕಳಿಸಿ. ಅದು ಆನ್‌ಲೈನ್ ಪತ್ರಿಕೆಯಾದರೆ 'ಝೂಬ್ಯಾಂಕ್' ಎಂಬ ಪ್ರಾಣಿನಾಮಗಳ ದಾಖಲೆಯಲ್ಲಿ ನೋಂದಣಿ ಕಡ್ಡಾಯ. ಪ್ರಕಟವಾಗುವವರೆಗೆ ಆ ಹೆಸರನ್ನು ಎಲ್ಲೂ ಹಂಚಬೇಡಿ.

ಹೋಲಿಕೆಯಲ್ಲಿ ನಿಮ್ಮ ಜೇಡ ಹಳೆಯ ಪ್ರಭೇದವೆಂದೇ ತಿಳಿದುಬಂದರೂ ಶ್ರಮ ವ್ಯರ್ಥವಲ್ಲ. ಮಂಗಳೂರಿನಲ್ಲಿ ಅದು ಇದೆಯೆಂಬ ದಾಖಲೆಗೂ ಬೆಲೆಯಿದೆ. ಪ್ರಕಟವಾದ ಲೇಖನದ ಪ್ರತಿಯೊಂದನ್ನು ಜಾಗದ ಒಡೆಯರಿಗೆ ಕೊಟ್ಟು, ಅಲ್ಲಿ ಏನಿದೆಯೆಂದು ಕನ್ನಡದಲ್ಲೋ ತುಳುವಿನಲ್ಲೋ ವಿವರಿಸಿ. ಆ ತರಗೆಲೆಗೆ ಬೆಂಕಿ ಹಾಕದೆ ಉಳಿಸಬೇಕಾದವರು ಅವರೇ.