ವ್ಯಸನ: ಮುಚ್ಚಿಟ್ಟಷ್ಟೂ ಬೆಳೆಯುವ ರೋಗ

ಶರಾಬು ಹರಾಮ್ ಎಂಬುದು ನಮ್ಮ ಮನೆಗಳಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಹಾಗಾಗಿ ಕುಡಿತ, ಗಾಂಜಾ ಎಲ್ಲ ಬೇರೆಯವರ ಮನೆಯ ಸಮಸ್ಯೆ ಎಂದುಕೊಳ್ಳುತ್ತೇವೆ. ಅದು ನಿಜವಲ್ಲ.

ನಮ್ಮ ಓಣಿಯಲ್ಲಿ ಆಟೊ ಓಡಿಸುವ ಒಬ್ಬ ಭಾಯಿ ಇದ್ದಾರೆ. ಅವರು ದಿನಾಲೂ ಕುಡಿಯುವುದು ಮನೆಯವರಿಗೆ ಗೊತ್ತಿತ್ತು. ಜನ ಏನಂದಾರು, ತಂಗಿಯ ಮದುವೆ ಹೇಗಾದೀತು ಎಂದು ಯಾರಿಗೂ ಹೇಳಲಿಲ್ಲ. ಕೊನೆಗೆ ಕುಡಿತ ಬಿಡಿಸಲೆಂದು ಅವರನ್ನು ಕೋಣೆಯಲ್ಲಿ ಕೂಡಿಹಾಕಿದರು. ಮೊದಲ ದಿನ ಕೈ ನಡುಗಿತು. ಎರಡನೆಯ ದಿನ ಫಿಟ್ಸ್ ಬಂತು. ಆಗ ಆಸ್ಪತ್ರೆಗೆ ಓಡಿದರು, ಜೀವ ಉಳಿಯಿತು.

ಹೀಗೇಕಾಯಿತು? ದಿನವೂ ಹೆಚ್ಚು ಕುಡಿಯುವವರ ಮೆದುಳು ಮದ್ಯಕ್ಕೆ ಹೊಂದಿಕೊಂಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್, ಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯ. ಆದ್ದರಿಂದ ಬಿಡಿಸುವಾಗ ವೈದ್ಯರ ಸಹಾಯ ಬೇಕು. ವ್ಯಸನ ಬರೀ ಕೆಟ್ಟ ಗುಣವಲ್ಲ, ಅದು ರೋಗ.

ಈ ರೋಗ ಎಷ್ಟು ಹಬ್ಬಿದೆ? ದೆಹಲಿಯ ಏಮ್ಸ್ ಕೇಂದ್ರ ಸರ್ಕಾರಕ್ಕಾಗಿ ಮಾಡಿದ ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಗಾಂಜಾ, ಭಂಗಿ ಬಳಸುವವರು ಸುಮಾರು 3.1 ಕೋಟಿ. ಪಂಕ್ಚರ್ ಸೊಲ್ಯೂಷನ್‌ನಂಥ ವಸ್ತುಗಳನ್ನು ಮೂಸುವ ಚಟವಂತೂ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು. ನಮ್ಮ ಅವಳಿ ನಗರದಲ್ಲಿಯೂ 2024ರಲ್ಲಿ ಪೊಲೀಸರು ಮಾದಕ ವಸ್ತು ಸೇವನೆಯ ಶಂಕೆಯ ಮೇಲೆ ನೂರಾರು ಜನರನ್ನು ಪರೀಕ್ಷೆಗೆ ಒಳಪಡಿಸಿದರು.

"ಶರಾಬು ಹರಾಮ್, ಆದರೆ ಗಾಂಜಾ ಬರೀ ಸೊಪ್ಪು" ಎನ್ನುವ ಹುಡುಗರಿದ್ದಾರೆ. ಅಮಲು ತರುವ ಎಲ್ಲವೂ ನಿಷಿದ್ಧ ಎಂದೇ ನಮಗೆ ಕಲಿಸಲಾಗಿದೆ. ವಿಜ್ಞಾನವೂ ಎಚ್ಚರಿಸುತ್ತದೆ. ಮೆದುಳು ಸುಮಾರು 25 ವರ್ಷದವರೆಗೆ ಬೆಳೆಯುತ್ತಿರುತ್ತದೆ. ಈ ವಯಸ್ಸಿನಲ್ಲಿ ಗಾಂಜಾ ಸೇದಿದರೆ ನೆನಪು, ಗಮನ ಕುಗ್ಗುತ್ತವೆ, ಮಾನಸಿಕ ಕಾಯಿಲೆಯ ಅಪಾಯ ಹೆಚ್ಚುತ್ತದೆ.

ನಾನು ವಾಣಿಜ್ಯ ವಿದ್ಯಾರ್ಥಿ, ಒಂದು ಲೆಕ್ಕ ಹೇಳುತ್ತೇನೆ. ದಿನಕ್ಕೆ 100 ರೂಪಾಯಿ ಚಟಕ್ಕೆ ಹೋದರೆ ವರ್ಷಕ್ಕೆ 36,500 ರೂಪಾಯಿ. ಇದು ಕಣ್ಣಿಗೆ ಕಾಣುವ ಖರ್ಚು. ತಪ್ಪಿದ ದುಡಿಮೆ, ಆಸ್ಪತ್ರೆ ಬಿಲ್ಲು, ಅಮ್ಮನ ಕಣ್ಣೀರು ಇದರಲ್ಲಿ ಸೇರಿಲ್ಲ. ಸಾಲವನ್ನು ಪುಸ್ತಕದಲ್ಲಿ ಬರೆಯದಿದ್ದರೆ ಸಾಲ ತೀರುವುದಿಲ್ಲ, ಬಡ್ಡಿ ಬೆಳೆಯುತ್ತದೆ. ಮುಚ್ಚಿಟ್ಟ ವ್ಯಸನವೂ ಹಾಗೆಯೇ.

ಪೊಲೀಸ್ ಕೇಸಿನ ಭಯದಿಂದಲೂ ಅನೇಕರು ಮುಚ್ಚಿಡುತ್ತಾರೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಮಾದಕ ವಸ್ತು ಸೇವನೆಗೂ ಶಿಕ್ಷೆ ಇದೆ, ನಿಜ. ಆದರೆ ಅದೇ ಕಾಯ್ದೆಯ 64ಎ ಕಲಮಿನಲ್ಲಿ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದ ವ್ಯಸನಿ ತಾನಾಗಿಯೇ ಚಿಕಿತ್ಸೆಗೆ ಮುಂದಾದರೆ ವಿಚಾರಣೆಯಿಂದ ವಿನಾಯಿತಿಗೆ ಅವಕಾಶವಿದೆ. 18 ವರ್ಷದೊಳಗಿನವರಿಗೆ ಮದ್ಯ, ಮಾದಕ ವಸ್ತು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯಂತೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಇದೆ.

ಚಿಕಿತ್ಸೆಗೆ ದೂರ ಹೋಗಬೇಕಾಗಿಲ್ಲ. ಧಾರವಾಡದಲ್ಲಿ ಡಿಮ್ಹಾನ್ಸ್, ಹುಬ್ಬಳ್ಳಿಯಲ್ಲಿ ಕೆಎಂಸಿ-ಆರ್‌ಐ (ಹಿಂದಿನ ಕಿಮ್ಸ್) ಇವೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ-ಮಾನಸ್ 14416. ಎರಡೂ ಉಚಿತ.

ಗೆಳೆಯರೇ, ಮೊದಲ ಸಲ "ಒಂದು ದಮ್ ಎಳಿ" ಎಂದಾಗಲೇ ಬೇಡ ಎನ್ನಿ. ಗೆಳೆಯನೊಬ್ಬ ಈಗಾಗಲೇ ಸಿಕ್ಕಿಬಿದ್ದಿದ್ದರೆ ಅವನನ್ನು ಹಂಗಿಸಬೇಡಿ, ಬಿಟ್ಟೂ ಹೋಗಬೇಡಿ. ನಂಬಿಕೆಯ ಉಪನ್ಯಾಸಕರಿಗೆ ಅಥವಾ ಮನೆಯ ಹಿರಿಯರಿಗೆ ತಿಳಿಸಿ. ಅದು ಚಾಡಿ ಅಲ್ಲ. ಆ ಭಾಯಿ ಈಗ ಔಷಧಿ ತೆಗೆದುಕೊಳ್ಳುತ್ತಾ ಮತ್ತೆ ಆಟೊ ಓಡಿಸುತ್ತಿದ್ದಾರೆ. ಯಾರಾದರೂ ಮೊದಲೇ ಬಾಯಿ ಬಿಟ್ಟಿದ್ದರೆ ಆ ಎರಡು ದಿನ ಅವರು ಕತ್ತಲ ಕೋಣೆಯಲ್ಲಿ ಇರಬೇಕಾಗಿರಲಿಲ್ಲ.