ನಮ್ಮ 8, ಜರ್ಮನಿಯಲ್ಲಿ ಎಷ್ಟು?

ಎಂ.ಎಸ್. ಓದೋಕೆ ಜರ್ಮನಿಗೆ ಹೋಗಬೇಕು ಅನ್ನೋರು ನಮ್ಮ ಕ್ಯಾಂಪಸ್‌ನಲ್ಲಿ ತುಂಬ ಜನ ಇದ್ದಾರೆ. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಅಲ್ಲಿ ಗ್ರೇಡಿನ ಲೆಕ್ಕ ಉಲ್ಟಾ: 1.0 ಅಂದ್ರೆ ಅತ್ಯುತ್ತಮ, 4.0 ಅಂದ್ರೆ ಬರೀ ಪಾಸ್.

ನಮ್ಮ ಸಿಜಿಪಿಎಯನ್ನು ಆ ಅಳತೆಗೆ ತರೋಕೆ ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ಬವೇರಿಯನ್ ಸೂತ್ರ ಬಳಸುತ್ತವೆ:

ಜರ್ಮನ್ ಗ್ರೇಡ್ = 1 + 3 × (ಗರಿಷ್ಠ − ನಿಮ್ಮ ಸಿಜಿಪಿಎ) ÷ (ಗರಿಷ್ಠ − ಪಾಸಾಗಲು ಬೇಕಾದ ಕನಿಷ್ಠ)

ನಿಮ್ಮದು 8, ಗರಿಷ್ಠ 10, ಕನಿಷ್ಠ 4 ಅಂದ್ಕೊಳ್ಳಿ. 1 + 3 × 2 ÷ 6, ಅಂದರೆ 2.0. ಕನಿಷ್ಠ 5 ಆಗಿದ್ದರೆ ಅದೇ 8 ಅಲ್ಲಿ 2.2 ಆಗುತ್ತೆ.

ಎಷ್ಟೋ ಕೋರ್ಸ್‌ಗಳು 2.5 ಅಥವಾ ಅದಕ್ಕಿಂತ ಒಳ್ಳೆಯ ಗ್ರೇಡ್ ಕೇಳುತ್ತವೆ. ಸೂತ್ರವನ್ನು ತಿರುಗಿಸಿ ನೋಡಿ. ಕನಿಷ್ಠ 4 ಆದರೆ 7.0 ಸಾಕು, 5 ಆದರೆ 7.5 ಬೇಕು. ಹಾಗಾಗಿ ನಮ್ಮ ಕನಿಷ್ಠ ಎಷ್ಟು ಅಂತ ಪರೀಕ್ಷಾ ವಿಭಾಗದಲ್ಲಿ ಕೇಳಿ, ಪತ್ರದಲ್ಲೇ ಬರೆಸಿಕೊಳ್ಳಿ.

ಈಗಲೇ ಯಾಕೆ? ನಾಲ್ಕು ಸೆಮಿಸ್ಟರ್ ಮುಗಿದಾಗ ನಿಮ್ಮದು 6.8 ಇದೆ, ಎಲ್ಲ ಸೆಮಿಸ್ಟರ್‌ಗೂ ಸಮ ಕ್ರೆಡಿಟ್ ಅಂದ್ಕೊಳ್ಳಿ. 7.5 ಮುಟ್ಟೋಕೆ ಉಳಿದ ನಾಲ್ಕರಲ್ಲಿ ಸರಾಸರಿ 8.2 ಬೇಕು. ಆರನೇ ಸೆಮಿಸ್ಟರ್‌ವರೆಗೂ 6.8ರಲ್ಲೇ ಉಳಿದರೆ, ಕೊನೆಯ ಎರಡರಲ್ಲಿ 9.6 ಬೇಕಾಗುತ್ತೆ!

8.2 ಕಷ್ಟ, ಆದರೆ ಆಗುತ್ತೆ. 9.6 ಎಷ್ಟು ಜನಕ್ಕೆ ಬಂದಿದೆ, ನಿಮ್ಮ ಕ್ಲಾಸಲ್ಲೇ ಕೇಳಿ ನೋಡಿ.