ವಸ್ತ್ರದಾನ: ಮಣಿಕರ್ಣಿಕೆಯ ಪಾಠ

ಕಾಶೀಕ್ಷೇತ್ರದ ಘಟ್ಟಗಳಲ್ಲಿ ಮಣಿಕರ್ಣಿಕೆಯ ಸ್ಥಾನ ವಿಶಿಷ್ಟವಾದುದು. ಮಹಾವಿಷ್ಣುವು ಚಕ್ರದಿಂದ ತೋಡಿದ ಪುಷ್ಕರಿಣಿಯಲ್ಲಿ ಪರಮೇಶ್ವರನ ಕರ್ಣಾಭರಣವು ಬಿದ್ದುದರಿಂದ ಈ ಹೆಸರು ಬಂದಿತೆಂದು ಪುರಾಣಪ್ರಸಿದ್ಧಿ. ಇಲ್ಲಿ ದೇಹವಿಡುವವರ ಕಿವಿಯಲ್ಲಿ ವಿಶ್ವನಾಥನೇ ತಾರಕಮಂತ್ರವನ್ನು ಉಪದೇಶಿಸುವನೆಂಬುದು ಆಸ್ತಿಕರ ನಂಬುಗೆ. ಹಗಲಿರುಳೂ ಚಿತೆಗಳು ಉರಿಯುವ ಈ ಸ್ಥಳದಲ್ಲಿ, ದೇಹವನ್ನು ಜೀರ್ಣವಸ್ತ್ರಕ್ಕೆ ಹೋಲಿಸಿದ ಗೀತೆಯ ಉಪಮೆಯು ಕಣ್ಣೆದುರಿನ ಸತ್ಯವಾಗುತ್ತದೆ.

ಜೀವನು ಕಳಚಿದ ದೇಹವೇನೋ ಬೂದಿಯಾಗುತ್ತದೆ. ಅದಕ್ಕೆ ಹೊದಿಸಿದ ವಸ್ತ್ರದ ಗತಿಯೇನು? ಮಾರ್ಕಂಡೇಯ ಪುರಾಣದ ಹರಿಶ್ಚಂದ್ರನು ಕಾಶಿಯ ಶ್ಮಶಾನದಲ್ಲಿ ಸೇವಕನಾಗಿ ನಿಂತು ಶವಗಳ ವಸ್ತ್ರವನ್ನು ಸಂಗ್ರಹಿಸಬೇಕಾಯಿತು. ರಾಘವಾಂಕನ ಕಾವ್ಯದಿಂದ ಆ ಅರಸನು ಕನ್ನಡಿಗರ ಮನೆಮಾತಾಗಿದ್ದಾನೆ. ಆದರೆ ಇದು ಪುರಾಣಕಾಲಕ್ಕೇ ಮುಗಿದ ಕಥೆಯಲ್ಲ. 2008ರಲ್ಲಿ ರಾಜೇಶ್ ಜಾಲಾ ಅವರು ನಿರ್ದೇಶಿಸಿದ 'ಚಿಲ್ಡ್ರನ್ ಆಫ್ ದ ಪೈರ್' ಎಂಬ ಸಾಕ್ಷ್ಯಚಿತ್ರವು ಮಣಿಕರ್ಣಿಕೆಯ ಏಳು ಮಂದಿ ಬಾಲಕರ ಬದುಕನ್ನು ತೋರಿಸಿತು. ಶವದ ಮೇಲಿನ ಹೊದಿಕೆಯನ್ನು ಸೆಳೆದುಕೊಂಡು, ಅದನ್ನು ಮಾರಿ ಹೊಟ್ಟೆ ಹೊರೆಯುವುದು ಅವರ ಪಾಡು. ಸತ್ತವನಿಗೆ ಹೊಸ ಬಟ್ಟೆ ಹೊದಿಸಲು ಹಿಂಜರಿಯದ ಕೈ, ಅದೇ ಬಟ್ಟೆಗಾಗಿ ಬೆಂಕಿಯ ಬಳಿ ಸುಳಿಯುವ ಬಾಲಕನ ಕಡೆಗೆ ಚಾಚುವುದಿಲ್ಲ. ಮಣಿಕರ್ಣಿಕೆ ಯಾತ್ರಿಕನ ಮುಂದಿಡುವ ಪ್ರಶ್ನೆ ಇದೇ.

ದಾನದ ವಿಷಯದಲ್ಲಿ ಈ ಪ್ರಶ್ನೆಯನ್ನು ಮೊದಲು ಎತ್ತಿದವನೂ ಒಬ್ಬ ಬಾಲಕನೇ. ಕಠೋಪನಿಷತ್ತಿನಲ್ಲಿ ನಚಿಕೇತನ ತಂದೆ ಸರ್ವಸ್ವವನ್ನೂ ದಾನಮಾಡುವ ಯಜ್ಞವನ್ನು ಕೈಗೊಂಡನು. ಆದರೆ ಕೊಡಲು ತಂದ ಹಸುಗಳು ಹಾಲು ಬತ್ತಿದವು, ಇನ್ನು ಕರುಹಾಕಲಾರದವು. ಬೇಡವಾದುದನ್ನು ಸಾಗಹಾಕಿ ಪುಣ್ಯವನ್ನು ಬಯಸಿದ ತಂದೆಗೆ ಒದಗುವ ಗತಿಯನ್ನು ನೆನೆದು ಮಗನು ಮರುಗಿದನು. ತನ್ನನ್ನು ಯಾರಿಗೆ ಕೊಡುವೆಯೆಂದು ಮತ್ತೆ ಮತ್ತೆ ಕೇಳಿ, ಸಿಟ್ಟಿಗೆದ್ದ ತಂದೆಯ ಮಾತಿನಂತೆ ಯಮನ ಮನೆಗೆ ನಡೆದನು. ಆತ್ಮವಿದ್ಯೆಯ ಆ ಮಹೋಪದೇಶಕ್ಕೆ ಪೀಠಿಕೆಯಾದುದು ಒಂದು ಹುಸಿದಾನವೆಂಬುದು ಮನನೀಯ. ಗೀತೆಯ ಹದಿನೇಳನೆಯ ಅಧ್ಯಾಯವೂ ಸತ್ಕಾರವಿಲ್ಲದೆ, ತಿರಸ್ಕಾರದಿಂದ ಕೊಟ್ಟುದನ್ನು ತಾಮಸದಾನವೆಂದೇ ಎಣಿಸುತ್ತದೆ.

ಹಾಗಾದರೆ ಹಳೆಯ ಬಟ್ಟೆಯನ್ನು ಕೊಡುವುದೇ ತಪ್ಪೆ? ಅಲ್ಲ. ಬಟ್ಟೆಯ ವಯಸ್ಸಿಗಿಂತ ಕೊಡುವವನ ಭಾವ ಮುಖ್ಯ. 2004ರ ಸುನಾಮಿಯ ತರುವಾಯ ತಮಿಳುನಾಡಿನ ಕರಾವಳಿಗೆ ಬಂದ ಬಟ್ಟೆಗಳಲ್ಲಿ ಎಷ್ಟೋ ಭಾಗ ಉಡಲು ಯೋಗ್ಯವಲ್ಲದೆ ರಸ್ತೆಬದಿಯಲ್ಲಿ ರಾಶಿಯಾಗಿ ಬಿದ್ದಿತ್ತು. ಆ ರಾಶಿಯನ್ನು ಎತ್ತಿ ಉಪಯೋಗಕ್ಕೆ ತಂದವರಲ್ಲಿ ದೆಹಲಿಯ 'ಗೂಂಜ್' ಸಂಸ್ಥೆಯೂ ಒಂದು. ಅನಾಥಶವಗಳನ್ನು ಸಾಗಿಸುತ್ತಿದ್ದ ಒಬ್ಬನಿಂದ, ಚಳಿಗಾಲದಲ್ಲಿ ತನಗೆ ಕೆಲಸ ಹೆಚ್ಚುವುದೆಂದು ಕೇಳಿದ ಅಂಶು ಗುಪ್ತ ಅವರು 1999ರಲ್ಲಿ ಮನೆಯ 67 ಬಟ್ಟೆಗಳಿಂದ ಇದನ್ನು ಆರಂಭಿಸಿದರು. 2015ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿಯನ್ನು ಪಡೆದರು. ಹಳ್ಳಿಗರು ಬಾವಿ ತೋಡಿ, ದಾರಿ ಕಟ್ಟಿ, ಆ ಶ್ರಮದ ಗೌರವವಾಗಿ ಬಟ್ಟೆಯನ್ನು ಪಡೆಯುವುದು ಇಲ್ಲಿಯ ಕ್ರಮ. ಪಡೆಯುವವನ ತಲೆ ಬಾಗದಂತೆ ನೋಡಿಕೊಂಡುದೇ ಇದರ ಹಿರಿಮೆ.

ನವರಾತ್ರಿಯಲ್ಲಿ ಮುತ್ತೈದೆಯರಿಗೆ ಕೊಡುವ ರವಿಕೆಕಣವು ಯಾರೂ ಹೊಲಿಸದೆ ಮನೆಯಿಂದ ಮನೆಗೆ ತಿರುಗುವುದು ಎಲ್ಲರೂ ಬಲ್ಲ ಸಂಗತಿ. ದೇವಿಯ ಸ್ವರೂಪವೆಂದು ಭಾವಿಸಿ ಕೊಡುವಾಗ, ಉಡುವಂಥದನ್ನೇ ಆರಿಸುವುದು ಪೂಜೆಯ ಅಂಗವೇ ಸರಿ. ಹಬ್ಬಕ್ಕೆ ಕಪಾಟನ್ನು ತೆರವು ಮಾಡುವವರು ಹಳೆಯ ಬಟ್ಟೆಯನ್ನು ಒಗೆದು, ಹರಿದುದನ್ನು ಹೊಲಿದು, ಗುಂಡಿ ಹಚ್ಚಿ, ಮಡಿಸಿ ಕೊಟ್ಟರೆ ಆ ಶ್ರಮವೇ ಸತ್ಕಾರವಾಗುತ್ತದೆ. ಉಡಲಾಗದ್ದು ಮನೆಯ ಒರೆಸುವ ಬಟ್ಟೆಯಾಗಲಿ, ದಾನವೆನಿಸಿಕೊಳ್ಳುವುದು ಬೇಡ.

ಕಾಶಿಗೆ ಹೋದವರು ತಮಗೆ ಪ್ರಿಯವಾದ ಹಣ್ಣನ್ನೋ ತರಕಾರಿಯನ್ನೋ ಅಲ್ಲಿ ಬಿಟ್ಟುಬರುವ ವಾಡಿಕೆ ನಮ್ಮ ನಾಡಿನಲ್ಲಿದೆ. ರುಚಿಸದುದನ್ನು ಬಿಟ್ಟೆನೆಂದರೆ ಹಿರಿಯರು ನಗುತ್ತಿದ್ದರು. ಬಿಡುವುದಕ್ಕಿರುವ ಈ ನಿಯಮ ಕೊಡುವುದಕ್ಕೂ ಇರಲಿ. ಈ ದಸರೆಯಲ್ಲಿ ಒಂದಾದರೂ ಇಷ್ಟದ ವಸ್ತ್ರವು, ಚಳಿಗಾಲ ಬರುವ ಮುನ್ನ, ಅದಿಲ್ಲದವರ ಮೈಯನ್ನು ಸೇರಲಿ.